ಡ್ರೈಯರಿನೊಳಗೆ ಅಜ್ಜಿಯ ಸೌದೆ

ಕೊಯ್ದ ಬೆಳೆಯನ್ನು ಒಣಗಿಸಿ ಕಾಪಾಡುವುದು ಹೇಗೆ ಎಂದು ರೈತರಿಗೆ ಹೇಳಿಕೊಡುವುದು ನನ್ನ ಉದ್ಯೋಗ. ಪುತ್ತೂರು, ಸುಳ್ಯ, ಕಡಬ ಅಂತ ಬೈಕಿನಲ್ಲಿ ಸುತ್ತುತ್ತೇನೆ. ನಾನು ಹೇಳುವುದು ಒಂದು, ಅವರು ಮಾಡುವುದು ಇನ್ನೊಂದು. ಕೋಡಿಂಬಾಳದ ಒಂದು ಮನೆಯಲ್ಲಂತೂ ಪ್ರತಿ ಸಲವೂ ಸೋತು ಬಂದೆ.

೧. ಮೊದಲ ಬೆಳೆ

ಆ ಮನೆಯ ಯಜಮಾನರಿಗೆ ಅಡಿಕೆ ಒಣಗಿಸಲು ಸೋಲಾರ್ ಡ್ರೈಯರ್ ಹಾಕಿಸಿಕೊಟ್ಟಿದ್ದೆ. ಕಬ್ಬಿಣದ ಕಮಾನು, ಮೇಲೆ ದಪ್ಪ ಪ್ಲಾಸ್ಟಿಕ್. ಒಳಗೆ ಕಾಲಿಟ್ಟರೆ ಬೆವರು ಕಿತ್ತುಬರುತ್ತದೆ. ಆ ವರ್ಷ ಕೊಳೆರೋಗ ಬಂದು ಅಡಿಕೆಯೆಲ್ಲ ಎಳೆಯದರಲ್ಲೇ ಉದುರಿತು. ಪರಿಶೀಲನೆಗೆ ಹೋದರೆ ಡ್ರೈಯರಿನೊಳಗೆ ಸೀರೆ, ಲುಂಗಿ, ಮೊಮ್ಮಗಳ ಯೂನಿಫಾರ್ಮ್.

“ಇದೆಂತ ಮಾರಾಯ್ರೆ?”

“ಅಡಿಕೆ ಇಲ್ಲ. ಬಟ್ಟೆಯಾದರೂ ಉಂಟಲ್ಲ.”

ಏನಿದ್ದರೂ ಪರಿಶೀಲನೆಯ ಫಾರ್ಮ್ ತುಂಬಬೇಕು. “ಸರಿಯಾಗಿ ಒಣಗ್ತದಾ?” ಎಂದು ಕೇಳಿದೆ.

“ಕಾಲರ್ ಸಮೇತ!”

೨. ಎರಡನೆಯ ಬೆಳೆ

ಮರುವರ್ಷವೂ ರೋಗ. ಈ ಸಲ ಡ್ರೈಯರ್ ತುಂಬ ಮಾವಿನ ಸೌದೆ. ಯಜಮಾನರ ತಾಯಿ, ಎಂಬತ್ತೆಂಟರ ಅಜ್ಜಿ, ಆಳುಗಳಿಂದ ಒಟ್ಟಿಸಿದ್ದು. ತನ್ನ ಚಿತೆಗೆ!

“ಇವನ ಅಪ್ಪ ಹೋದದ್ದು ಆಟಿ ತಿಂಗಳ ಮಳೆಗೆ,” ಎಂದರು ಅಜ್ಜಿ. “ಹಸಿ ಸೌದೆ ಹಿಡೀಲೇ ಇಲ್ಲ. ಎರಡು ದಿನ ಅರ್ಧ ಬೆಂದು ಬಿದ್ದಿದ್ದರು. ನನಗೆ ಆ ಗತಿ ಬೇಡ.”

“ಬದುಕಿರುವವರಿಗೆ ಸೌದೆ ಒಟ್ಟುದುಂಟಾ ಅಮ್ಮ? ಎಲ್ಲ ಹೊರಗೆ ಬಿಸಾಡ್ತೇನೆ!” ಎಂದು ಮಗ ರೇಗಿದರು.

ಅಡಿಕೆ ಬರುವ ತನಕ ಇರಲಿ ಎಂದು ನಾನೇ ಸಮಾಧಾನ ಮಾಡಿದೆ. ಆಮೇಲೆ ಫಾರ್ಮ್ ತೆಗೆದೆ. “ಬೆಳೆಯ ಹೆಸರು ಎಂತ ಬರೀಲಿ ಅಜ್ಜಿ?”

“ನನ್ನ ಹೆಸರೇ ಬರಿ ಮಗಾ. ಕೊಯ್ಲು ಇನ್ನು ಆಗಲಿಕ್ಕುಂಟು.”

೩. ಕೊಯ್ಲು

ಅಜ್ಜಿ ಹೋದದ್ದೂ ಆಟಿಯಲ್ಲೇ. ಉಪ್ಪಿನಂಗಡಿಯಲ್ಲಿ ಹೊಳೆ ಉಕ್ಕಿ, ನಾನು ಸುತ್ತು ಹಾಕಿ ಮುಟ್ಟುವಾಗ ತೋಟದ ಬದಿಯಲ್ಲಿ ತಗಡಿನ ಮಾಡು ಕಟ್ಟಿ ಚಿತೆ ಒಟ್ಟಿದ್ದರು. ಸುತ್ತ ಧೋ ಎಂದು ಮಳೆ. ಮಗ ಕೊಳ್ಳಿ ಇಟ್ಟದ್ದೇ ತಡ, ಭಗ್ಗೆಂದು ಹಿಡಿಯಿತು.

ಅವರು ನನ್ನ ಕೈ ಹಿಡಿದು ಅತ್ತುಬಿಟ್ಟರು. “ಈ ಸೌದೆಗಾಗಿ ಅಮ್ಮನಿಗೆ ಎಷ್ಟು ಬೈದೆ ನಾನು!” ನನಗೂ ತಡೆಯಲಾಗಲಿಲ್ಲ.

ನೆರೆಮನೆಯ ಅಜ್ಜ ಕೊಡೆ ಹಿಡಿದು ಬೆಂಕಿಯನ್ನೇ ನೋಡುತ್ತಿದ್ದರು. ಅಡಿಕೆಗೆ ಡ್ರೈಯರ್ ಹಾಕಿಸಿ ಎಂದು ನಾನು ಎಷ್ಟು ಸಲ ಹೇಳಿದರೂ ಬೇಡವೆಂದವರು. ಮೆಲ್ಲಗೆ ಹತ್ತಿರ ಬಂದರು.

“ನಮಗೂ ಒಂದು ಡ್ರೈಯರ್ ಸಿಗಬಹುದಾ?”

“ಅರ್ಜಿ ಕೊಡಿ. ಬರುವಾಗ ಎರಡು ವರ್ಷ ಆಗ್ತದೆ.”

ಅಜ್ಜ ತಲೆಯಾಡಿಸಿದರು.

“ಆಗುದಿಲ್ಲ ಮಾರಾಯ್ರೆ. ನನಗೆ ಈ ಮಳೆಗಾಲಕ್ಕೇ ಬೇಕು.”