ಓದುಬಳಗಕ್ಕೆ ನಾನು ಕೊಟ್ಟ ಧ್ವನಿ

ಪುಸ್ತಕ ಚರ್ಚೆಗೆ ಆನ್‌ಲೈನ್ ಗುಂಪು ಕಟ್ಟುವುದು ಮಹಾ ಕೆಲಸವೇನಲ್ಲ ಎಂದು ನಂಬಿದ್ದೆ. ಫೋನ್ ಇದೆ, ನಾನಿದ್ದೇನೆ, ಇನ್ನೇನು ಬೇಕು! ನಿಮ್ಮ ಗುಂಪಿಗೆ ಯಾರು ಬರುತ್ತಾರೆ ಎಂದು ಹೆಂಡತಿ ಸರೋಜ ನಕ್ಕಳು. ಹಟಕ್ಕೆ ಬಿದ್ದು ಮರ್ಫಿ ಟೌನಿನಿಂದ ಶಿವಾಜಿನಗರದವರೆಗೆ ಪರಿಚಯದವರನ್ನೆಲ್ಲ ಸೇರಿಸಿಬಿಟ್ಟೆ.

ಒಂದೇ ತೊಡಕು. ಪರದೆ ಬಟ್ಟೆ ಅಂಗಡಿಯ ಇಮ್ತಿಯಾಜ್, ಟೈಲರ್ ಸೆಲ್ವಿ, ಎಲ್ಲರೂ ಕನ್ನಡ ಮಾತಾಡಿದರೆ ಕೇಳುತ್ತಲೇ ಇರಬೇಕು, ಓದುವುದು ಮಾತ್ರ ನಿಧಾನ. ಮನೆಯಲ್ಲಿ ಒಬ್ಬರದು ದಖನಿ, ಒಬ್ಬರದು ತಮಿಳು. ನೀವೇ ಓದಿ ಕಳಿಸಿ, ಕೆಲಸ ಮಾಡುತ್ತಾ ಕೇಳುತ್ತೇವೆ ಎಂದರು. ನನ್ನ ಕಂಠಕ್ಕೆ ಇಂಥ ಮನ್ನಣೆ ಹಿಂದೆಂದೂ ಸಿಕ್ಕಿರಲಿಲ್ಲ. ಪ್ರತಿ ಸಂಜೆ ಅಡುಗೆಮನೆ ಪಕ್ಕದ ಊಟದ ಮೇಜಿಗೆ ಕೂತು, ಕಡಲತೀರದ ಊರೊಂದರ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಓದಿ, ರೆಕಾರ್ಡ್ ಮಾಡಿ ಕಳಿಸತೊಡಗಿದೆ.

ಚರ್ಚೆ ಹೇಗೆ ಹತ್ತಿಕೊಂಡಿತು ಅಂತೀರಿ! ಹುಡುಗಿ ದುಡುಕಬಾರದು ಎಂದು ಇಮ್ತಿಯಾಜ್. ಕೆಲಸ ಬಿಡು ಅನ್ನುವವರ ಮನೆಗೆ ಸೊಸೆಯಾಗಿ ಹೋಗಲೇಬಾರದು ಎಂದು ಸೆಲ್ವಿ. ನನಗೆ ಸ್ವಲ್ಪ ಗೊಂದಲವಾಯಿತು. ನನ್ನ ಕಾದಂಬರಿಯ ನಾಯಕಿ ಮಾಡುತ್ತಿದ್ದ ಕೆಲಸವೆಂದರೆ ನಿಟ್ಟುಸಿರು ಬಿಡುವುದೊಂದೇ. ಆದರೂ ಬಿಟ್ಟುಕೊಡದೆ, 'ಕೆಲಸ ಎಂಬುದು ಇಲ್ಲಿ ಸಾಂಕೇತಿಕ' ಎಂದು ಉದ್ದವಾದ ವಿವರಣೆ ಬರೆದೆ.

ಮರುದಿನ ಇಮ್ತಿಯಾಜ್ ಕೇಳಿದರು. "ಸಾರ್, ಕಗ್ಗದಾಸಪುರದಲ್ಲಿ ನಮ್ ಕಸ್ಟಮರ್ಸ್ ಇದಾರೆ. ಹುಡುಗನ ಬಗ್ಗೆ ವಿಚಾರಿಸ್ಲಾ?"

ಕಡಲತೀರದಲ್ಲಿ ನಮ್ಮೂರಿನ ಕಗ್ಗದಾಸಪುರ ಎಲ್ಲಿಂದ ಬಂತು? ನನ್ನ ರೆಕಾರ್ಡಿಂಗನ್ನು ನಾನೇ ಮೊದಲ ಸಲ ಕೇಳಿದೆ. ಮುಂದೆ ನಾನು ಓದುತ್ತಿದ್ದೇನೆ. ಹಿಂದೆ ಸರೋಜ, ಕಲ್ಯಾಣ ನಗರದ ತನ್ನ ಅಕ್ಕನ ಜೊತೆ ಫೋನಿನಲ್ಲಿದ್ದಾಳೆ. ಫೋನ್ ಇಲ್ಲದಿದ್ದರೂ ಕಲ್ಯಾಣ ನಗರಕ್ಕೆ ಕೇಳಿಸುವಂತೆ ಮಾತಾಡುವುದು ಅವಳ ಪದ್ಧತಿ. ಅಕ್ಕನ ಮಗಳು ರಮ್ಯಾಗೆ ಕಗ್ಗದಾಸಪುರದಿಂದ ಸಂಬಂಧ ಬಂದಿದೆ, ಹುಡುಗನ ಕಡೆಯವರು ಕೆಲಸ ಬಿಡಬೇಕು ಅನ್ನುತ್ತಿದ್ದಾರೆ, ರಮ್ಯಾ ಅಳುತ್ತಿದ್ದಾಳೆ, 'ಬಿಡ್ಲಿ ಬಿಡು, ಏನೀಗ' ಅಂತ ಸರೋಜ ಒತ್ತಾಯಿಸುತ್ತಿದ್ದಾಳೆ. ನನ್ನ ಬಳಗ ಇಷ್ಟು ದಿನ ಧಾರಾವಾಹಿಯಾಗಿ ಕೇಳಿದ್ದು ಇದನ್ನು!

ಹೆದರುತ್ತಲೇ ಸರೋಜಳಿಗೆ ಹೇಳಿದೆ. ಅವಳು ಫೋನ್ ಕಿತ್ತುಕೊಂಡು ಬೈಯುತ್ತಲೇ ಗುಂಪಿನ ಚರ್ಚೆಯನ್ನು ಓದಲು ಶುರುಮಾಡಿದಳು. ಓದುತ್ತಾ ಓದುತ್ತಾ ಬೈಗುಳ ನಿಂತಿತು. ಆಮೇಲೆ ಅಕ್ಕನಿಗೆ ಫೋನ್ ಹಚ್ಚಿದಳು.

"ಅಕ್ಕಾ, ರಮ್ಯಾ ಕೆಲಸ ಬಿಡೋದು ಬೇಡ. ನಾನು ಹೇಳಿದ್ದು ತಪ್ಪಾಯ್ತು. ನಾಲ್ಕು ಜನ ತಿಳಿದವರು ಹಂಗೇ ಅಂತಿದಾರೆ."

ಆ ತಿಳಿದವರಲ್ಲಿ ನಾನಿರಲಿಲ್ಲ. ರಮ್ಯಾ ಗೆದ್ದಳೆಂದು ನಿಜಕ್ಕೂ ಖುಷಿಯಾಯಿತು, ಆದರೆ ಸಾಹಿತ್ಯವನ್ನೂ ಉಳಿಸಬೇಕಲ್ಲ. ಮಲಗುವ ಕೋಣೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತಾ ಕೊನೆಯ ಅಧ್ಯಾಯ ಓದಿ ಕಳಿಸಿದೆ.

ಬಹಳ ಹೊತ್ತಿನ ಮೇಲೆ ಸೆಲ್ವಿಯ ಉತ್ತರ ಬಂತು. "ಸಾರ್, ಇದ್ರಲ್ಲಿ ನಿಮ್ ವಾಯ್ಸ್ ಮಾತ್ರ ಬರ್ತಿದೆ. ಏನೋ ಪ್ರಾಬ್ಲಮ್ ಇದೆ, ನೋಡಿ."

ಬಳಗದ ಹಿತದೃಷ್ಟಿಯಿಂದ ನಾನೇ ಎದ್ದು ಹೋಗಿ ಬಾಗಿಲು ತೆರೆದೆ.