ಮೂವರು ಸೂಪರ್‌ವೈಸರುಗಳ ಅಡಿಗೆಮನೆ

ಪ್ರೀತಿ, ಸಮರ್ಥ, ನಿಮ್ಮ ಅಜ್ಜಿ ಎಷ್ಟು ನಾಚಿಕೆಯವಳೆಂದರೆ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ಮರೆತರೆ ಕೇಳದೆ ಇಳಿದು ನಡೆದುಬಿಡುವವಳು. ನಿಮ್ಮ ಅಜ್ಜ ಇದ್ದಾಗ ತರಕಾರಿ ಮಾರುವವಳ ಜೊತೆಗೂ ಅವರೇ ಮಾತಾಡಬೇಕಿತ್ತು. “ನಿನ್ನ ಬಾಯಿ ಒಲಿ ಊದಾಕಷ್ಟ ಐತಿ” ಎನ್ನುತ್ತಿದ್ದರು. ಅಂಥ ನಾನು ಹೋದ ವಾರ ಮ್ಯಾನೇಜರರ ಎದುರು ನಿಂತು, ನನ್ನ ಸಂಬಳ ಇಳಿಸಿ ಎಂದು ವಾದ ಮಾಡಿ, ಗೆದ್ದು ಬಂದಿದ್ದೇನೆ. ಎದೆ ಇನ್ನೂ ಡವಗುಟ್ಟುತ್ತಿದೆ. ಅಕ್ಷರ ವಾರೆಯಾಗಿದ್ದರೆ ಅದಕ್ಕೇ ಎಂದು ತಿಳಿಯಿರಿ.

ನಾನು ಕೆಲಸಕ್ಕೆ ಹೋಗುವ ರೆಸಾರ್ಟು ಕಾಳಿ ನದಿಯ ದಂಡೆಗಿದೆ. ಬಂದವರು ಹಗಲೆಲ್ಲ ರಬ್ಬರ್ ದೋಣಿಯಲ್ಲಿ ಕೂತು ಕಿರುಚುತ್ತಾರೆ, ಸಂಜೆ ಊರ ಹಸಿವನ್ನೆಲ್ಲ ಹೊತ್ತು ಮೇಲೆ ಬರುತ್ತಾರೆ. ರೊಟ್ಟಿ ಬಡಿಯುವವಳು ನಾನು, ಪಲ್ಯ, ಸಾರು ಫಾತಿಮಾಳದು, ಹೆಚ್ಚುವುದು ತೊಳೆಯುವುದು ಹಳಿಯಾಳದ ಕಡೆಯ ಮರಿಯಾಳದು. ನಮ್ಮ ಪಾಳಿ ಮುಗಿದರೂ ಉಣ್ಣುವವರು ಎದ್ದ ಹೊರತು ನಾವು ಏಳುವಂತಿಲ್ಲ. ಆ ಹೆಚ್ಚಿನ ಹೊತ್ತಿಗೆ ದುಪ್ಪಟ್ಟು ದರದಲ್ಲಿ ಓವರ್‌ಟೈಮ್ ಸಿಗುತ್ತಿತ್ತು. ಸಂಬಳವೆಲ್ಲ ಮನೆಖರ್ಚಿಗೆ ಹೋಗುತ್ತದೆ, ಯಾರನ್ನೂ ಕೇಳದೆ ಬಿಚ್ಚಬಹುದಾದ ನನ್ನ ಗಂಟು ಎಂದರೆ ಅದೊಂದೇ. ದೀಪಾವಳಿಗೆ ನಿಮ್ಮಿಬ್ಬರನ್ನೂ ಪಾಳಾದಲ್ಲಿರುವ ನನ್ನ ತಂಗಿಯ ಮನೆಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟದ್ದು ಅದರ ಧೈರ್ಯದ ಮೇಲೆಯೇ.

ಮಳೆಗಾಲ ಮುಗಿದ ಮೇಲೆ ಮ್ಯಾನೇಜರ್ ನನ್ನನ್ನು ಕರೆದು, “ಮಾವಶಿ, ನೀವು ಇನ್ನ ಕಿಚನ್ ಸೂಪರ್‌ವೈಸರ್ರಿ. ಪಗಾರ ಏರೈತಿ. ಹೊಸಾ ಕರಾರಿಗೆ ಸಹಿ ಮಾಡ್ರಿ” ಎಂದರು. ಕರಾರು ಕನ್ನಡದಲ್ಲೇ ಇತ್ತು, ನನಗೆ ಓದಲು ಬರುತ್ತದೆ. ಆದರೆ ಕೊಟ್ಟವರ ಎದುರೇ ಓದುವುದು ಹೇಗೆ? ಉಡಿ ತುಂಬಿದವರ ಮುಂದೆಯೇ ಸೆರಗು ಬಿಚ್ಚಿ, ಏನೇನು ಹಾಕಿದ್ದಾರೆಂದು ಕೆದಕಿ ನೋಡಿದ ಹಾಗಾಗುವುದಿಲ್ಲವೇ? ಮರ್ಯಾದೆಯಿಂದ ಸಹಿ ಮಾಡಿ ಕೈಮುಗಿದು ಬಂದೆ. ಬಂದವಳೇ ಸಂತೋಷಕ್ಕೆ ಶಿರಾ ಮಾಡಿದೆ. ಅದನ್ನು ತಿನ್ನುತ್ತ ಮರಿಯಾ, “ಅಕ್ಕಾ, ನಾನೂ ಸೂಪರ್‌ವೈಸರ್ ಆಗೇನಿ” ಎಂದಳು. ಫಾತಿಮಾ, “ನಾನೂ” ಎಂದಳು. ಇದ್ದವರು ಮೂವರು, ಮೂವರೂ ಸೂಪರ್‌ವೈಸರುಗಳು. ಉಳ್ಳಾಗಡ್ಡಿ ಮಾತ್ರ ಬಡ್ತಿಯಿಲ್ಲದೆ ಬುಟ್ಟಿಯಲ್ಲಿ ಕೂತಿತ್ತು.

“ನೀ ಯಾರ್ನ ನೋಡ್ಕೋತಿಯವಾ?” ಎಂದು ಮರಿಯಾಳನ್ನು ಕೇಳಿದೆ.

“ನಾ ಬೋಗಾಣಿ ನೋಡ್ಕೋತೇನಿ. ಹೇಳಿದ್ದ ಕೇಳ್ತಾವ, ತಿರುಗಿ ಮಾತಾಡೂದಿಲ್ಲ” ಎಂದಳು ಮರಿಯಾ.

ತಿಂಗಳ ಕೊನೆಗೆ ಓವರ್‌ಟೈಮ್ ಬರಲಿಲ್ಲ. ಆಗ ಕರಾರು ತೆಗೆದು, ದೀಪದ ಕೆಳಗೆ ಬೆರಳಿಟ್ಟು ಓದಿದೆ. ಇಂತಿಷ್ಟು ಸಂಬಳದ ಮಿತಿ ದಾಟಿದ ಸೂಪರ್‌ವೈಸರುಗಳು ಓವರ್‌ಟೈಮಿಗೆ ಅರ್ಹರಲ್ಲ ಎಂದಿತ್ತು. ನನ್ನ ಸಂಬಳ ಆ ಮಿತಿಯನ್ನು ಬೆಕ್ಕು ಹೊಸ್ತಿಲು ದಾಟಿದಷ್ಟು ದಾಟಿತ್ತು. ಏರಿದ್ದು ಬೊಗಸೆಯಷ್ಟು, ಹೋದದ್ದು ಬುಟ್ಟಿಯಷ್ಟು. ಪಾಳಾದ ಪ್ರಯಾಣ ಅಲ್ಲಿಗೇ ನಿಂತಿತು.

“ನೀವ ಹಿರ್ಯಾರು, ನೀವ ಕೇಳ್ರಿ” ಎಂದು ಇಬ್ಬರೂ ನನ್ನನ್ನು ಆಫೀಸಿನ ಬಾಗಿಲವರೆಗೆ ದಬ್ಬಿದರು. ಒಳಗೆ ಹೋದವಳಿಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

“ಸಾಹೇಬ್ರ, ನನ್ನ ಇಳಸ್ರಿ” ಎಂದೆ.

“ಎಲ್ಲಿಂದ್ರಿ ಮಾವಶಿ?”

“ಸೂಪರ್‌ವೈಸರಿಂದ್ರಿ. ಪಗಾರಾನೂ ಮದ್ಲಿನಷ್ಟ ಮಾಡ್ರಿ. ಓವರ್‌ಟೈಮ್ ಕೊಡ್ರಿ.”

ಅವರು ನಕ್ಕರು. “ಪಗಾರ ಕಡಿಮಿ ಮಾಡ್ರಿ ಅನ್ನಾವ್ರನ್ನ ಇವತ್ತ ನೋಡಿದ್ನಿ. ಸಹಿ ಆಗೇತಲ್ರಿ, ಈಗೇನ್ ಮಾಡಾಕ ಬರ್ತೈತಿ?”

ಆ ನಗುವೇ ನನ್ನ ಬಾಯಿ ಬಿಡಿಸಿತು. “ಸೂಪರ್‌ವೈಸರ್ ಅಂದ್ರ ಕೆಲಸ ನೋಡಾಕಿ ಹೌದಲ್ರಿ? ಹಂಗಾರ ಇವತ್ತಿಂದ ನೋಡ್ತೇವ್ರಿ. ನಾ ಫಾತಿಮಾನ್ನ ನೋಡ್ತೇನಿ, ಫಾತಿಮಾ ಮರಿಯಾನ್ನ ನೋಡ್ತಾಳ, ಮರಿಯಾ ನನ್ನ ನೋಡ್ತಾಳ. ರೊಟ್ಟಿ ಬಡ್ಯಾಕ ಯಾರ್ನರ ಕಳಸ್ರಿ.”

ಹೊರಗೆ ಎರಡು ಬಸ್ಸುಗಳು ಬಂದು ನಿಂತಿದ್ದವು, ಜನ ಇಳಿಯುತ್ತಿದ್ದರು. ಮ್ಯಾನೇಜರ್ ಕಿಟಕಿಯ ಕಡೆ ನೋಡಿದರು, ನನ್ನನ್ನು ನೋಡಿದರು, ನಗು ನಿಲ್ಲಿಸಿ ಮಾಲೀಕರಿಗೆ ಫೋನ್ ಹಚ್ಚಿದರು. ನಾನು ಅಡಿಗೆಮನೆಗೆ ಮರಳಿದೆ. ಅಲ್ಲಿ ನಾವು ಮೂವರೂ ಕೈಕಟ್ಟಿ ಒಬ್ಬರನ್ನೊಬ್ಬರು ಮನಸಾರೆ ನೋಡಿದೆವು. ಫಾತಿಮಾಳ ಕಿವಿಯಲ್ಲಿ ಹೊಸ ಓಲೆ ಇದ್ದದ್ದು ನನಗೆ ಕಂಡದ್ದೇ ಆಗ. ಒಲೆ ಹೊತ್ತಿಸಬೇಕಾದ ಹೊತ್ತಿಗೆ ಮ್ಯಾನೇಜರ್ ಬಂದು, “ಆತ್ರಿ ಮಾರಾಯ್ತೇರಾ, ಮೂರೂ ಮಂದಿ ಇಳೀರಿ. ಓವರ್‌ಟೈಮೂ ಐತಿ. ಮದ್ಲ ರೊಟ್ಟಿ ಬಡೀರಿ” ಎಂದರು. ಹೊಸ ಕರಾರು ಮರುದಿನ ಬಂತು. ಈ ಸಲ ಅವರನ್ನು ಎದುರಿಗೇ ಕೂರಿಸಿ, ಪೂರ್ತಿ ಓದಿ ಸಹಿ ಮಾಡಿದೆ. ಪಾಪ, ಅವರ ಚಹಾ ಆರಿಹೋಯಿತು. ಬಟ್ಟೆ ಜೋಡಿಸಿಕೊಳ್ಳಿ ಮಕ್ಕಳೇ, ಪಾಳಾಕ್ಕೆ ಹೋಗೋಣ.

ಒಂದೇ ತೊಂದರೆ. ಈಗ ಯಾರಿಗೆ ರಜೆ ಬೇಕಾದರೂ, ಗ್ಯಾಸ್ ಸಿಲಿಂಡರ್ ಬರದಿದ್ದರೂ, “ಅಕ್ಕಾ, ನೀವ ಮಾತಾಡ್ರಿ” ಎಂದು ನನ್ನನ್ನೇ ಆಫೀಸಿಗೆ ದಬ್ಬುತ್ತಾರೆ. ದಿನಕ್ಕೊಂದು ಸಲವಾದರೂ ಬಾಗಿಲ ಹೊರಗೆ ನಿಂತು ಬೆವರುತ್ತೇನೆ. ಆ ಹೊತ್ತನ್ನು ಓವರ್‌ಟೈಮಿಗೆ ಹಿಡಿಯಿರಿ ಎಂದು ಕೇಳಬೇಕೆಂದಿದ್ದೇನೆ, ಕೇಳಲು ನಾಚಿಕೆ. ಈ ಹಾಳೆಗಳನ್ನು ನೀರು, ಇಲಿ ಎರಡೂ ಮುಟ್ಟದ ಕಡೆ ಇಡಿ. ನಿಮ್ಮ ಅಜ್ಜಿ ಇಷ್ಟೊಂದು ಮಾತಾಡಿದ್ದಳೆಂದು ನಾಳೆ ಬಾಯಿಮಾತಿನಲ್ಲಿ ಹೇಳಿದರೆ ನೀವಿರಲಿ, ನಾನೇ ನಂಬಲಿಕ್ಕಿಲ್ಲ.