ಭೀಮನಿಗೆ ‘ಹ’ ಬಂದದ್ದು

ಪಾಂಡವಪುರದಲ್ಲಿ ಮನೆಯಿದ್ದವರಿಗೆ ಮಹಾಭಾರತ ಟಿವಿಯೊಳಗೇ ಇರುತ್ತದೆಂಬ ಭರವಸೆಯಿಲ್ಲ. ದೇಶ ದೇಶ ತಿರುಗಿ ಆಗಾಗ ಚಿಕ್ಕಪ್ಪನ ಮನೆಗೆ ಬಂದು ಬೀಳುವ ನನಗೆ, ಪ್ರತಿ ಸಲವೂ ಅದು ನಡುಮನೆಗೆ ಇಳಿದು ಕೂತಿರುವುದೇ ಕಾಣುತ್ತದೆ.

೧. ಪಾಸ್‌ಪೋರ್ಟು

ಈ ಸಲ ಬಂದಾಗ ಆ ಹಳೇ ಧಾರಾವಾಹಿ ಕನ್ನಡಕ್ಕೆ ಡಬ್ಬಾಗಿ ಮತ್ತೆ ಬರುತ್ತಿತ್ತು. ಎರಡು ಬಾಣಗಳು ಆಕಾಶದಲ್ಲಿ ಎದುರಾಗಿ, ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಡಿಕ್ಕಿ ಹೊಡೆಯುತ್ತವಲ್ಲ, ಅದೇ. ಜಾವಾ ದ್ವೀಪದಲ್ಲಿ ತೊಗಲುಗೊಂಬೆಯ ಭೀಮನನ್ನು ನೋಡಿದ್ದೆ ಎಂದೆ.

“ಅಲ್ಲಿಗೂ ಓಗಿದ್ನಾ?” ಎಂದರು ಚಿಕ್ಕಮ್ಮ.

“ಇನ್ನೇನು? ಐದು ಜನಾನೂ ಇಲ್ಲೇ ಕುಂತಿಬೆಟ್ಟದ ತಾವ ಇದ್ದೋರು. ಇಲ್ಲಿಂದ್ಲೇ ಒಂಟವ್ರೆ” ಎಂದ ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ನೀನೇನು ಊರೂರು ಸುತ್ತೀನಿ ಅಂತ ಮೆರೀತೀಯ ಕಣವ್ವ. ಅವ್ರು ಪಾಸ್‌ಪೋರ್ಟು ಇಲ್ದೇನೇ ಸುತ್ಬುಟ್ರು. ಅದೂ ಅವ್ವನ್ನ ಕರ್ಕಂಡು!”

೨. ಒಲೆ ಊದಿದಂತೆ

ಚಿಕ್ಕಪ್ಪ ಬರೀ ನೋಡುವವರಲ್ಲ, ಊರಿನ ಪೌರಾಣಿಕ ನಾಟಕದ ಭೀಮ. ಮೈಕಟ್ಟು, ಗಂಟಲು ಎರಡೂ ಭೀಮನವೇ. ಇಲ್ಲದ್ದು ‘ಹ’ ಒಂದೇ. ನಮ್ಮ ಕಡೆ ಹಾಲು ಆಲಾಗುತ್ತದೆ, ಹೆಂಡತಿ ಎಂಡ್ರಾಗುತ್ತಾಳೆ, ಯಾರಿಗೂ ನಷ್ಟವಿಲ್ಲ. ಹೊಸ ಡ್ರಾಮಾ ಮೇಷ್ಟ್ರಿಗೆ ಮಾತ್ರ ಆಗಿಬರಲಿಲ್ಲ.

“ಗೌಡ್ರೇ, ಹಸ್ತಿನಾವತಿ ಅನ್ನಿ. ಇನ್ನೊಂದ್ಸಲ ‘ಅಸ್ತಿನಾವತಿ’ ಅಂದ್ರೆ ನಾಗಮಂಗಲದ ನಾಟಕಕ್ಕೆ ನಿಮ್ಮ ಭಾವಮೈದುನನೇ ಭೀಮ” ಎಂದು ಹಾರ್ಮೋನಿಯಂ ಮುಚ್ಚಿದರು.

ಕೆ.ಆರ್. ಪೇಟೆಯ ಆ ಭಾವಮೈದುನ, ಅಂದರೆ ಚಿಕ್ಕಮ್ಮನ ತಮ್ಮ, ಆಗಲೇ ಮೀಸೆ ಬೆಳೆಸತೊಡಗಿದ್ದ. ಚಿಕ್ಕಪ್ಪನಿಗೆ ಮುದ್ದೆ ಇಳಿಯಲಿಲ್ಲ.

“ಅದಕ್ಯಾಕೆ ಇಂಗ್ ಕುಂತಿದ್ದೀರಿ? ಒಲೆ ಊದಂಗೆ ಉಸ್ರು ಬುಡಿ. ‘ಅ’ ತಾನಾಗೇ ಬತ್ತದೆ” ಎಂದರು ಚಿಕ್ಕಮ್ಮ.

ಬಂತು. ಚಿಕ್ಕಮ್ಮನಿಗಲ್ಲ, ಚಿಕ್ಕಪ್ಪನಿಗೆ. ಟಿವಿಯ ಭೀಮ ಬಾಯಿ ತೆರೆದಾಗಲೆಲ್ಲ ಇಲ್ಲಿ ಇವರು ಊದುತ್ತಿದ್ದರು. ಎದುರಿಗೆ ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದ ನನಗೆ ಬೇಸಿಗೆಯಲ್ಲೂ ಫ್ಯಾನು ಬೇಕಾಗಲಿಲ್ಲ.

೩. ಅರ್ಧ ಟಿವಿ

ಬಂದ ‘ಹ’ ಹೋಗಲೊಲ್ಲದು. ಅಡುಗೆ ಹಡುಗೆಯಾಯಿತು, ಆಸ್ಪತ್ರೆ ಹಾಸ್ಪತ್ರೆಯಾಯಿತು. ಅಷ್ಟರಲ್ಲಿ ಟಿವಿ ಕೆಟ್ಟಿತು. ಗುರುವೇ ಮೌನ ಹಿಡಿದರೆ ಹೇಗೆ? ಶ್ರೀರಂಗಪಟ್ಟಣದ ರಿಪೇರಿ ಸಾಬರಿಗೆ ಫೋನು ಹೋಯಿತು.

“ಸಾಬ್ರೇ, ಟೀವಿ ಹಾಫ್ ಆಗೈತೆ, ಬನ್ನಿ!”

“ಅರ್ಧ ಬತ್ತಾ ಐತಾ ಗೌಡ್ರೇ? ಮೇಲ್ಗಡೆದಾ, ಕೆಳ್ಗಡೆದಾ?”

“ಹರ್ಧ ಅಲ್ಲ ಸಾಬ್ರೇ, ಪೂರ್ತಿ ಹಾಫ್!”

ಸಾಬರು, “ಯಾ ಅಲ್ಲಾ! ಪೂರ್ತೀನೂ ಹಾಫಾ? ಇಂಥಾ ಕೇಸು ನೋಡೇ ಇಲ್ಲ, ಈಗ್ಲೇ ಬಂದೆ” ಎಂದರು.

೪. ಒನ್ಸ್ ಮೋರ್

ಎಲ್ಲಿ ‘ಹ’, ಎಲ್ಲಿ ‘ಅ’ ಎಂಬ ಗೊಂದಲಕ್ಕೆ ಕೊನೆಗೊಂದು ಉಪಾಯವಾಯಿತು. ಚಿಕ್ಕಮ್ಮ ಮುಂದಿನ ಸಾಲಿನಲ್ಲಿ ಕೂರುವುದು, ‘ಹ’ ಬೇಕಾದ ಕಡೆ ಊದಿ ತೋರಿಸುವುದು. ಅವರಿಗೆ ಜಾಗಗಳನ್ನೆಲ್ಲ ನಾನೇ ಬಾಯಿಪಾಠ ಮಾಡಿಸಿದೆ.

ನಾಗಮಂಗಲದಲ್ಲಿ ಬೆಳಗ್ಗೆಯೇ ನಾಟಕ ಶುರುವಾಯಿತು. ಚಿಕ್ಕಮ್ಮ ಊದಿದರು, “ಹಸ್ತಿನಾವತಿ” ಗುಡುಗಿತು, ಮೇಷ್ಟ್ರು ತಲೆದೂಗಿದರು. ಆಗ ಕೆ.ಆರ್. ಪೇಟೆಯ ತಮ್ಮ ಅಕ್ಕನಿಗೆ ಬಿಸಿ ಬಿಸಿ ಟೀ ತಂದುಕೊಟ್ಟ. ಪ್ರೀತಿಗೋ ಮತ್ತೊಂದಕ್ಕೋ, ದೇವರೇ ಬಲ್ಲ.

ರಂಗದ ಮೇಲೆ ಭೀಮ ಧರ್ಮರಾಯನ ಮುಂದೆ ನಿಂತ. ಚಿಕ್ಕಮ್ಮ ಟೀ ಊದಿದರು.

“ಹಣ್ಣಾ!” ಎಂದು ಗರ್ಜಿಸಿದರು ಚಿಕ್ಕಪ್ಪ. ಚಿಕ್ಕಮ್ಮ ಮತ್ತೆ ಊದಿದರು. “ಹಪ್ಪಣೆ ಕೊಡು!”

ಧರ್ಮರಾಯನಾಗಿದ್ದವರು ಹಾಲಿನ ಡೈರಿಯ ಕಾರ್ಯದರ್ಶಿ. ಕಿರೀಟ ಸರಿಮಾಡಿಕೊಂಡು, “ಹಣ್ಣೂ ಇಲ್ಲ, ಹಪ್ಪಳಾನೂ ಇಲ್ಲ ಕಣ್ಲಾ ತಮ್ಮಾ. ವನವಾಸದಲ್ಲಿ ಎಲ್ಲಿಂದ ತರನ?” ಎಂದರು.

ಜನ ಎದ್ದು ಶಿಳ್ಳೆ ಹೊಡೆದರು. “ಒನ್ಸ್ ಮೋರ್!”

ಚಿಕ್ಕಪ್ಪ ಚಿಕ್ಕಮ್ಮನತ್ತ ನೋಡಿದರು. ಟೀ ಮುಗಿದಿತ್ತು, ಊದಲಿಲ್ಲ. “ಅಣ್ಣಾ, ಅಪ್ಪಣೆ ಕೊಡು!” ಒಂದಕ್ಷರ ತಪ್ಪಿಲ್ಲ.

ಜನ ರೇಗಿದರು. “ಇದಲ್ಲ ಕಣ್ಲಾ, ಮುಂಚೆ ಅಂದಂಗೆ ಅನ್ನು!”

ಮೇಷ್ಟ್ರೇ ಕೈಮುಗಿದರು. “ಗೌಡ್ರೇ, ಇನ್ಮೇಲೆ ಭೀಮ ನೀವೇ. ಇನ್ನೊಂದ್ಸಲ ‘ಹಣ್ಣಾ’ ಅಂದ್ಬುಡಿ.”

ಚಿಕ್ಕಮ್ಮ ಖಾಲಿ ಲೋಟವನ್ನು ತಮ್ಮನ ಕೈಗಿಟ್ಟರು. “ಓಗ್ಲಾ, ಇನ್ನೊಂದು ಟೀ ತತ್ತಾ. ಬಿಸಿಯಾಗಿರ್ಲಿ. ನಿಮ್ ಭಾವಂಗೆ ಒನ್ಸ್ ಮೋರ್ ಬಿದ್ದದೆ!”